ಚನ್ನಬಸವ್ವನ ಊದುಗೊಳವೆ

ಗೂಳಪ್ಪನ ಕೊಳಲನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅರ್ಧ ಕಥೆ ನುಂಗಿ ಹೊಗಳುತ್ತಾರೆ. ಪೂರ್ತಿ ಗೊತ್ತಿರುವುದು ಅವನ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದ ನನಗೆ.

ಅದು ಮೂವತ್ತೆರಡನೆಯ ಇಸವಿ. ವಿಜಾಪುರದ ಕಡೆಯ ಗೂಳಪ್ಪ ಪುಣೆಯಲ್ಲಿ ಬಿಳಿಯರ ದಂಡಿದ್ದ ಕ್ಯಾಂಪಿನ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಲೆಕ್ಕ ಬರೆಯುವ ಕಾರಕೂನ. ಸೋಮವಾರ ಸಂಜೆ ನಮ್ಮ ಕನ್ನಡ ಭಜನಾ ಮೇಳದಲ್ಲಿ ಕೊಳಲು ಊದುತ್ತಿದ್ದ. ಬೆರಳು ಬಂಗಾರ, ಕೊಳಲು ದರಿದ್ರ. ಕೆಳಗಿನ ಸ್ವರಕ್ಕೆ ಇಳಿದರೆ ಬರೀ ಗಾಳಿ, ಮೇಲಕ್ಕೇರಿದರೆ ಕೀರಲು. ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಹಿರಿಯರು ನಿಜಲಿಂಗಪ್ಪ. ಒಂದು ದಿನ ಎಲ್ಲರೆದುರು ಹೇಳಿಯೇಬಿಟ್ಟರು.

“ಗೂಳಪ್ಪ, ಸಿಟ್ಟಾಗಬ್ಯಾಡ. ಶ್ರಾವಣದ ಕಡೇ ಸೋಮವಾರದ ತನಕ ನೋಡ್ತೀನಿ. ದನಿ ಸುಧಾರಿಸಲಿಲ್ಲಂದ್ರ ಕ್ಲಾರಿನೆಟ್ಟಿನವನ್ನ ಕರಸ್ತೀನಿ.”

ಗೂಳಪ್ಪನ ಮುಖ ಸಪ್ಪಗಾಯಿತು. ಹಗಲೆಲ್ಲ ಮರಾಠಿಯಲ್ಲಿ ಗಜ ಅಳೆಯುವವನಿಗೆ ತನ್ನವರ ನಡುವೆ ಇದ್ದದ್ದು ಅದೊಂದೇ ಜಾಗ.

ಮರುದಿನವೇ ಕ್ಯಾಂಪಿನಿಂದ ಹಿತ್ತಾಳೆ ಬಳೆ ತೊಡಿಸಿದ ಕೊಳಲು ತಂದ. ನಮ್ಮ ಮಂದಿಯ ಹಣೆಬರಹವೇ ಇಷ್ಟು, ಕ್ಯಾಂಪಿನವರು ಗಾಜಿನ ಹಿಂದೆ ಇಟ್ಟದ್ದೆಲ್ಲ ಶ್ರೇಷ್ಠ. ಒಳಗೆ ಎಳೆ ಬಿದಿರು, ಮೇಲೆ ವಾರ್ನಿಷು. ಊದಿದರೆ ನೆಗಡಿ ಹಿಡಿದವರ ದನಿ. ನನ್ನೆದುರೇ ಅವನು ಅದನ್ನು ಮನೆಯ ಮೂಲೆಗೆಸೆದು ತಲೆ ಹಿಡಿದು ಕೂತ.

ಅವನ ಹೆಂಡತಿ ಚನ್ನಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆ ಊದುವ ಬಿದಿರಿನ ಕೊಳವೆಯನ್ನು ಎತ್ತಿ, ಅದರ ಅಂಚಿಗೆ ತುಟಿಯಿಟ್ಟು ಅಡ್ಡಕ್ಕೆ ಊದಿದಳು. ತುಂಬಿದ, ತಂಪಾದ ದನಿಯೊಂದು ಹೊರಟಿತು.

“ಇದರ ದನಿ ಕೇಳ್ರಿ. ಹೊಗಿ ಕುಡದು ಕುಡದು ಗಟ್ಟಿಯಾಗೇತಿ.”

“ನಿನ್ನ ತವರುಮನೀದು ಅದು. ಕೊಳಲು ಮಾಡಾಕ ಹೋಗಿ ಸೀಳಿದ್ರ?”

“ಸೀಳಿದ್ರ ಒಲಿಗೆ ಹಾಕ್ತೀನಿ. ನಾಕು ರೊಟ್ಟಿಯರೆ ಬೇಯ್ತಾವ.”

ತೂತು ಕೊರೆಯಲು ಸರಳು ಕಾಯಿಸಿಕೊಂಡ ಗೂಳಪ್ಪ ಕೊಳವೆಯನ್ನು ನನ್ನ ಕೈಗೆ ಕೊಟ್ಟ. “ಹೊಳಬಸಪ್ಪ, ಗಟ್ಟಿಯಾಗಿ ಹಿಡಿ,” ಎಂದ. ಹಿಡಿದೆ, ನನ್ನ ಎರಡು ಬೆರಳು ಸುಟ್ಟವು. ಒಂದು ತುದಿಗೆ ಬಾಟಲಿಯ ಬೂಚು ತುರುಕಿದೆವು. ಏಳು ತೂತು ಬಿದ್ದವು, ಬಿದಿರು ಸೀಳಲಿಲ್ಲ. ಆದರೆ ದನಿ ಪೇಟಿಗಿಂತ ಕೊಂಚ ಕೆಳಗೆ ನಿಂತಿತು. ದಿನಾ ಸಂಜೆ ನನ್ನ ಮನೆಯ ಹಳೆ ಪೇಟಿಯೆದುರು ಕೂತು, ದನಿ ಏರಲೆಂದು ಕೊಳಲಿನ ತುದಿಯನ್ನು ಕೂದಲೆಳೆಯಷ್ಟು ಉಜ್ಜುವುದು, ಊದುವುದು, ಮತ್ತೆ ಉಜ್ಜುವುದು. ಹೆಚ್ಚು ಉಜ್ಜಿದರೆ ಮುಗಿಯಿತು, ಕಳೆದದ್ದನ್ನು ಅಂಟಿಸಲಾಗದು. ಅತ್ತ ಚನ್ನಬಸವ್ವ ಬಗ್ಗಿ ಬಾಯಲ್ಲೇ ಒಲೆ ಊದುತ್ತ ಕಣ್ಣು ಕೆಂಪು ಮಾಡಿಕೊಂಡಿದ್ದಳು.

ಕಡೇ ಸೋಮವಾರ ಬಂತು. ಗೂಳಪ್ಪ ಮಸಿ ಬಣ್ಣದ ಆ ಕೊಳಲನ್ನು ಧೋತರದ ಮಡಿಕೆಯಿಂದ ತೆಗೆದಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನು ನೇರ ಕೆಳಗಿನ ಷಡ್ಜಕ್ಕೆ ಇಳಿದ. ದನಿ ನಿಂತಿತು. ಪೇಟಿಯೊಂದಿಗೆ ಬೆರೆತು, ಅದನ್ನು ದಾಟಿ, ಬಾಗಿಲಾಚೆಯ ಬೀದಿಯವರೂ ನಿಲ್ಲುವಂತೆ ನಿಂತಿತು. ನನ್ನ ತಾಳ ತಪ್ಪಿತು. ನಾಚಿಕೆಯಿಲ್ಲದೆ ಒಪ್ಪುತ್ತೇನೆ, ನಾನು ಅಳುತ್ತಿದ್ದೆ.

ಹಾಡು ಮುಗಿದ ಮೇಲೆ ನಿಜಲಿಂಗಪ್ಪ ಕನ್ನಡಕ ಒರೆಸಿಕೊಂಡರು. “ಕ್ಲಾರಿನೆಟ್ಟಿನವಗ ಬರಬ್ಯಾಡ ಅಂತ ಹೇಳ್ರಿ,” ಎಂದರು. ಆಮೇಲೆ, “ಗೂಳಪ್ಪ, ಭಾಳ ಪಳಗಿದ ಕೊಳಲದು. ಎಷ್ಟು ವರ್ಷ ಊದೀದಿ?”

ಗೂಳಪ್ಪ ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ಚನ್ನಬಸವ್ವನ ದನಿ ಬಂತು.

“ಹನ್ನೆರಡು ವರ್ಷ ಆತ್ರಿ. ಊದಿದಾಕಿ ನಾನು. ಇವರು ಎಂಟು ದಿನದಿಂದ ಊದಾಕ ಹತ್ಯಾರ.”

ನಿಜಲಿಂಗಪ್ಪ ಪೇಟಿಯಿಂದ ಕೈ ತೆಗೆದು ಆ ಸಾಲಿನ ಕಡೆ ತಿರುಗಿ ಕೈಮುಗಿದರು.