ಹೆಂಡತಿಯ ಒಪ್ಪಿಗೆ

ನನ್ನ ಗಂಡ ವೇದಾಂತದ ಪಾಠಕ್ಕೆ ಹೋಗಲು ಶುರುಮಾಡಿದಾಗ ನನಗೆ ಖುಷಿಯೇ ಆಗಿತ್ತು. ಭಟ್ಕಳದ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಮನುಷ್ಯ. ಭಾನುವಾರವಾದರೂ ಡೀಸೆಲ್ ವಾಸನೆಯಿಂದ ದೂರ ಇರಲಿ ಅಂದುಕೊಂಡೆ. ಕುಮಟೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಪಾಠ ಹೇಳುತ್ತಿದ್ದರು. ಫೀಸು ಇಲ್ಲ, ಕೊನೆಗೆ ಎಲ್ಲರಿಗೂ ಒಂದು ಲೋಟ ಚಹಾ. ನಮ್ಮೂರು ಮಾವಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಮೊದಲು ಮೀನು ಬಿಟ್ಟರು. ನಮ್ಮದು ಮೀನಿನಿಂದಲೇ ಬದುಕಿದ ಮನೆ, ಸೋಮವಾರ ಒಂದು ಬಿಟ್ಟರೆ ಮೀನಿನ ಸಾರು ಇಲ್ಲದ ದಿನವಿಲ್ಲ. ಇವರಿಗೆ ವಾರವೆಲ್ಲ ಸೋಮವಾರವಾಯಿತು. ಆಮೇಲೆ ಹೊರಗೆ ಜಗಲಿಯಲ್ಲಿ ಚಾಪೆ ಹಾಕಿ ಒಬ್ಬರೇ ಮಲಗತೊಡಗಿದರು. ಎಂತಕ್ಕೆ ಹೀಗೆ ಅಂದರೆ, "ಇದೆಲ್ಲ ನಾನಲ್ಲ, ನಂದೂ ಅಲ್ಲ" ಅನ್ನುತ್ತಿದ್ದರು. ಮೀನು ಹೋಯಿತು, ಹಾಸಿಗೆ ಹೋಯಿತು, ಮಗಳು ಮದುವೆಯಾಗಿ ಮೊದಲೇ ಹೋಗಿದ್ದಳು. ಇನ್ನು ಬಿಡುವುದಕ್ಕೆ ಉಳಿದದ್ದು ನಾನೊಬ್ಬಳೇ. ಕಾವಲಿಗೆಂದು ನಾನೂ ಬಸ್ಸು ಹತ್ತಿದೆ.

ಮೊದಲ ದಿನ ಮಾಸ್ತರರನ್ನು ಕೆಕ್ಕರಿಸಿ ನೋಡಿದ್ದೇ ಬಂತು. ನನ್ನ ಗಂಡನ ತಲೆ ಕೆಡಿಸಿದವರು ಇವರೇ ತಾನೆ. ನೋಡಿದರೆ ಸಣಕಲು ಜೀವ, ನಗು ಮುಖ. ಚಹಾ ಕುಡಿಯುವಾಗ ತಡೆಯಲಾರದೆ ಕೇಳಿಯೇ ಬಿಟ್ಟೆ. "ಮಾಸ್ತರ್ರೆ, ಈ ಪಾಠ ಕಲ್ತವ್ರು ಹೆಂಡ್ತೀನ ಬಿಟ್ಟೇ ಹೋಗ್ಬೇಕಾ?"

ಅವರು ನಗಲಿಲ್ಲ. "ಬಿಡೂ ಮಾತು ಆಮೇಲೆ, ತಂಗೀ. ಮೊದ್ಲು ನೋಡೂದು ಕಲಿ. ಈ ಲೋಟ ನಿಂಗೆ ಕಾಣ್ತದೆ, ಹಂಗಾಗಿ ನೀ ಲೋಟ ಅಲ್ಲ. ಮೊಣಕಾಲು ನೋವು ಗೊತ್ತಾಗ್ತದೆ, ನೀ ಆ ನೋವಲ್ಲ. ಹಿಂಗೆ ಗೊತ್ತಾಗೂದೆಲ್ಲ ಬತ್ತದೆ, ಹೋಗ್ತದೆ. ಯಾರಿಗೆ ಗೊತ್ತಾಗ್ತದೋ ಅದು ಎಲ್ಲಿಗೂ ಹೋಗೂದಿಲ್ಲ. ಅದೇ ನೀನು" ಅಂದರು.

ಲೋಟ ಮತ್ತು ಮೊಣಕಾಲಿನ ಮಟ್ಟಿಗೆ ನಾನು ಒಪ್ಪಿದೆ. ಆದರೂ ಆ ಮಾತು ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಡುಗೆಮನೆಯಲ್ಲೇ ಮಣೆ ಹಾಕಿ ಕೂತು, ಮನಸ್ಸಿಗೆ ಬಂದದ್ದನ್ನು ನೋಡುವುದು ರೂಢಿಯಾಯಿತು. ಬರುವುದೆಲ್ಲ ಅಕ್ಕಿ, ತೆಂಗಿನಕಾಯಿ, ನಾದಿನಿ ಆಡಿದ ಮಾತು. ಜಗಲಿಯಲ್ಲಿ ಇವರು ಕಲ್ಲಿನ ಹಾಗೆ ಕೂತಿರುತ್ತಿದ್ದರು. ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಮಳೆಗಾಲ, ಬೋಟುಗಳೆಲ್ಲ ದಡ ಹತ್ತಿದ ಮೇಲೆ, ಇವರು ಮಾತು ತೆಗೆದರು. ದೂರದ ಒಂದು ಆಶ್ರಮಕ್ಕೆ ಹೋಗಿ ಇದ್ದುಬಿಡುವ ಆಸೆ. ಮಾಸ್ತರರ ಮೂಲಕ ವಿಚಾರಿಸಿಯೂ ಆಗಿತ್ತು. ಆದರೆ ಹೆಂಡತಿ ಇದ್ದವರು ಹಾಗೆಲ್ಲ ಎದ್ದು ಬರುವಂತಿಲ್ಲ, ಅವಳು ಮನಸಾರೆ ಒಪ್ಪಬೇಕು, ಅದು ಅಲ್ಲಿನ ಪದ್ಧತಿಯಂತೆ. "ನೀ ಹೂಂ ಅಂದ್ರೆ ಹೋಗ್ತೆ, ಇಲ್ದಿದ್ರೆ ಇಲ್ಲ" ಅಂದರು.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೇಡ ಅಂದರೆ ಇವರ ದೇಹ ಮನೆಯಲ್ಲಿ ಉಳಿಯುತ್ತದೆ, ಮನಸ್ಸು ಉಳಿಯುವುದಿಲ್ಲ. ಆಗಲಿ ಅಂದರೆ ಎರಡೂ ಇಲ್ಲ. ದಿನವಿಡೀ ಹೊಟ್ಟೆಯಲ್ಲಿ ಹೆದರಿಕೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ನೆನಪಿರುತ್ತಿರಲಿಲ್ಲ.

ಮುಂದಿನ ಭಾನುವಾರ ಬಸ್ಸು ಹೊನ್ನಾವರ ಸೇರುವ ಮೊದಲಿನ ಶರಾವತಿ ಸೇತುವೆ ಹತ್ತಿತು. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಇವರು ತೂಕಡಿಸುತ್ತಿದ್ದರು, ತಲೆ ಬಂದು ನನ್ನ ಹೆಗಲಿಗೆ ತಾಗಿತು. ಇವರಿಲ್ಲದ ಸೀಟು ಹೇಗೆ ಕಾಣಬಹುದು ಅನ್ನಿಸಿದ್ದೇ ತಡ, ಹೆದರಿಕೆ ಎದ್ದಿತು. ಆದರೆ ಆ ದಿನ ಅದು ಏಳುವುದು ನನಗೆ ಕಂಡಿತು. ಹೊಟ್ಟೆಯಿಂದ ಎದೆಗೆ ಬಂತು, ಗಂಟಲಿಗೆ ಬಂತು, ಎಲ್ಲ ಗೊತ್ತಾಗುತ್ತಿತ್ತು. ಇಷ್ಟು ದಿನ ಆ ಹೆದರಿಕೆಯೇ ನಾನು ಅಂದುಕೊಂಡಿದ್ದೆ. ಈಗ ಅದು ಎದುರಿಗಿತ್ತು, ನಾನು ನೋಡುತ್ತಿದ್ದೆ. ನೋಡುತ್ತಿದ್ದ ಆ ನನಗೆ ಹೆದರಿಕೆ ಇರಲಿಲ್ಲ. ನೋಡುತ್ತಿದ್ದ ಅದನ್ನು ಯಾರೂ ಬಿಟ್ಟು ಹೋಗಲು ಸಾಧ್ಯವಿರಲಿಲ್ಲ, ನನ್ನ ಹೆಗಲಿನ ಮೇಲಿದ್ದ ಈ ತಲೆಯೂ ಅದಕ್ಕೆ ಹೊರಗಿನದಾಗಿ ಕಾಣಲಿಲ್ಲ. ಕಂಡಕ್ಟರ್ ಸ್ಟಾಪು ಕೂಗುವಷ್ಟರಲ್ಲಿ ನಾನು ಮತ್ತೆ ಮಾವಳ್ಳಿಯ ಹೆಂಗಸಾಗಿದ್ದೆ. ಆತ್ಮಸಾಕ್ಷಾತ್ಕಾರ ಅಂತ ದೊಡ್ಡ ಹೆಸರಿಟ್ಟು ಹೇಳಿಕೊಳ್ಳುವ ಧೈರ್ಯ ಇವತ್ತಿಗೂ ನನಗಿಲ್ಲ. ಹೆದರಿಕೆ ಆಮೇಲೂ ಬಂತು. ಮೊದಲಿನ ಸಲುಗೆ ಮಾತ್ರ ಅದಕ್ಕೆ ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಇವರು ಎದುರಿಗೆ ಯಾವುದೋ ಪಂಪು ಬಿಚ್ಚಿಕೊಂಡು ಕೂತಿದ್ದರು. "ಆತು, ನೀವು ಹೋಗಿ. ನಾ ಒಪ್ಪಿದೆ" ಅಂದೆ.

ಇವರು ತಲೆಯೆತ್ತಿದರು. "ಸಿಟ್ಟಲ್ಲಿ ಹೇಳ್ತಿ ನೀನು."

"ಸಿಟ್ಟಿಲ್ಲ."

"ಮತ್ತೆ ಅಳ್ತಿ ಎಂತಕ್ಕೆ?"

"ಕಣ್ಣೀರು ಬತ್ತದೆ, ಬರ್ಲಿ. ಅದು ಬಂತು ಅಂತ ನಾ ಮಾತು ತಪ್ಪೂದಿಲ್ಲ. ಹೋಗಿ. ನನ್ನ ಚಿಂತೆ ಹೊತ್ಕಂಡು ಹೋಗ್ಬೇಡಿ, ಅಷ್ಟೇ."

ನಿಜವಾಗಿಯೂ ಮನಸಾರೆ ಹೇಳಿದ್ದೆ. ಇವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ, ಮುಖ ಬಾಡಿಹೋಯಿತು. "ನೀ ಬೇಡ ಅಂತಿ ಅಂದ್ಕಂಡಿದ್ದೆ" ಅಂದರು, ಬಲು ಸಣ್ಣ ದನಿಯಲ್ಲಿ. ನನಗೆ ನಗುವೂ ಬಂತು, ಎದೆಯೂ ತುಂಬಿ ಬಂತು. ಪಾಪ, ಇಷ್ಟು ದಿನ ನನ್ನ 'ಬೇಡ'ದ ಮೇಲೆ ಭಾರ ಹಾಕಿಕೊಂಡು ಆಶ್ರಮದ ಕನಸು ಕಂಡಿದ್ದರು.

ಆ ವಾರವೆಲ್ಲ ಇವರು ಬಟ್ಟೆ ಕಟ್ಟುವುದನ್ನು ಕಾಯುತ್ತಿದ್ದೆ, ಕಟ್ಟಲಿಲ್ಲ. ಭಾನುವಾರ ಕುಮಟೆಯ ಜಗಲಿಯಲ್ಲಿ ಜನ ಸೇರಿದ ಮೇಲೆ ಮಾಸ್ತರರು ಇವರನ್ನೇ ಕೇಳಿದರು. "ಎಂತ ಆತು, ಮನೇಲಿ ಒಪ್ಪಿದ್ರಾ?"

ಇವರು ಎದ್ದು ನಿಂತರು, ಶಾಲೆಯ ಹುಡುಗನ ಹಾಗೆ. "ಅವ್ಳು ನನ್ನ ಬಿಟ್ಲು, ಮಾಸ್ತರ್ರೆ. ನಂಗೇ ಅವ್ಳನ್ನ ಬಿಡೂಕೆ ಆಗ್ಲಿಲ್ಲ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಇಂಥ ಮಾತನ್ನು ಇವರು ನನ್ನೊಬ್ಬಳ ಎದುರೂ ಆಡಿದವರಲ್ಲ. ಅಷ್ಟು ಜನರ ನಡುವೆ ಆಡಿ, ಏನೂ ಆಗದವರ ಹಾಗೆ ಕೂತು ಪುಸ್ತಕ ತೆರೆದರು.