ಗಂಗೂಬಾಯಿಯ ಮಡಿ

ಗಂಗೂಬಾಯಿ ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವರು. ವಿಧವೆಯಾದ ಮೇಲೆ ನಾರಾಯಣ ಪೇಟೆಯ ನಮ್ಮ ವಾಡೆಯಲ್ಲಿ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು. ವಾಡೆಯ ಏಳು ಮನೆಗೆ ಒಂದೇ ನಳ, ಅದೂ ಬೆಳಿಗ್ಗೆ ಎರಡು ತಾಸು. ಅದರಲ್ಲಿ ಒಂದು ತಾಸು ಗಂಗೂಬಾಯಿಯ ಮಡಿಗೇ ಬೇಕು. ತೊಳೆದ ಕೊಡವನ್ನೇ ಏಳು ಸಲ ತೊಳೆಯುತ್ತಿದ್ದರು. ಎದುರು ಮನೆಯ ನಾನು ಎಷ್ಟೋ ದಿನ ಬರೀ ಮುಖ ತೊಳೆದು ಅಂಚೆ ಕಚೇರಿಗೆ ಓಡಿದ್ದೇನೆ. ಆಕೆಯ ಹೆಸರೆತ್ತಿದರೆ ನನಗೆ ಮೈ ಉರಿಯುತ್ತಿತ್ತು.

೧೯೩೪ರ ಮಳೆಗಾಲದಲ್ಲಿ ಅವರ ತಮ್ಮ ಮಾರ್ತಾಂಡರಾಯರು ಹದಿನಾರು ವರ್ಷದ ಮಗಳು ಇಂದೂಳನ್ನು ತಂದು ಬಿಟ್ಟರು. ಹುಡುಗಿ ಕೈ ತೊಳೆಯಲು ಕೂತರೆ ಏಳುತ್ತಿರಲಿಲ್ಲ. ತನ್ನ ಕೈ ತಾಗಿದ ಅನ್ನ ಉಂಡವರು ಸತ್ತೇ ಹೋಗುತ್ತಾರೆಂಬ ಭಯ ಅವಳಿಗೆ. ಬೆರಳೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು.

"ದೀಪಾವಳಿಗೆ ಬರ್ತೀನಿ ಅಕ್ಕಾ. ಅಷ್ಟರಾಗ ಕಮ್ಮಿ ಆಗಲಿಲ್ಲಂದ್ರ ನದಿ ಆಚೆ ಹುಚ್ಚರ ಆಸ್ಪತ್ರಿಗೆ ಸೇರಸೂದ," ಎಂದು ಹೇಳಿ ಹೋದರು.

ಇವಳನ್ನು ಇಡಲು ಇಡೀ ಭೂಮಿಯ ಮೇಲೆ ಇದೊಂದೇ ಮನೆ ಸಿಕ್ಕಿತೇ ಎಂದು ನಾನು ತಲೆ ಚಚ್ಚಿಕೊಂಡೆ. ಈಗ ನಳದ ಕೆಳಗೆ ಇಬ್ಬರು.

ಒಂದು ಬೆಳಿಗ್ಗೆ ಗಂಗೂಬಾಯಿ, "ಮೂರು ಸಲ ತೊಳದ್ರ ಸಾಕಲ್ಲವ್ವಾ," ಎಂದರು.

"ನೀವು ಏಳು ಸಲ ತೊಳೀತೀರಲ್ಲ, ಅತ್ಯಾ?" ಎಂದಳು ಇಂದೂ.

ಕೊಡ ಹಿಡಿದು ಸಾಲಾಗಿ ನಿಂತ ನಾವೆಲ್ಲ ಕಿವಿ ನಿಮಿರಿಸಿದೆವು. ಗಂಗೂಬಾಯಿ ಏಳನೆಯ ಸಲವೂ ಕೊಡ ತೊಳೆದೇ ಎದ್ದರು. ಮರುದಿನ ಆರು ಸಲಕ್ಕೇ ಎದ್ದರು. ಮುಖ ಮಾತ್ರ ಹರಳೆಣ್ಣೆ ಕುಡಿದವರಂತಿತ್ತು. ಇಂದೂ ಕೂಡ ಸ್ವಲ್ಪ ಬೇಗ ಎದ್ದಳು. ಹೀಗೇ ಚೌಕಾಶಿ ನಡೆದು ದಸರೆಯ ಹೊತ್ತಿಗೆ ಅತ್ತೆ ಮೂರಕ್ಕೆ ಇಳಿದರು, ಹುಡುಗಿಯ ಬೆರಳು ಒಣಗಿದವು. ನಾನು ಸ್ನಾನ ಮಾಡಿ ಕಚೇರಿಗೆ ಹೋಗತೊಡಗಿದೆ.

ದೀಪಾವಳಿಗೆ ಮಾರ್ತಾಂಡರಾಯರು ಬಂದರು. ಗಂಗೂಬಾಯಿ ನನ್ನನ್ನೂ ಊಟಕ್ಕೆ ಕರೆದಿದ್ದರು. ಇಂದೂ ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ ಎದ್ದವಳು ಹಾಗೇ ನಿಂತುಬಿಟ್ಟಳು. ಇನ್ನು ಅವಳೇ ಬಡಿಸಬೇಕು. ಕಾಲು ಮುಟ್ಟಿದ ಕೈಯನ್ನು ಮೈಯಿಂದ ದೂರ ಹಿಡಿದಿದ್ದಳು, ಕಣ್ಣು ಬಚ್ಚಲ ಕಡೆಗೇ ಇತ್ತು. ರಾಯರು ನೋಡುತ್ತಲೇ ಇದ್ದರು.

ಮಡಿಸೀರೆಯಲ್ಲಿದ್ದ ಗಂಗೂಬಾಯಿ ಬಾಗಿಲಿಗೆ ಹೋಗಿ ತಮ್ಮನ ಚಪ್ಪಲಿ ಎತ್ತಿ ಮೂಲೆಗಿಟ್ಟರು. ಬಂದವರೇ ಅದೇ ಕೈಯಿಂದ ನಮ್ಮ ಎಲೆಗೆ ಅನ್ನ ಬಡಿಸಿದರು. ನಾಲ್ಕು ಅಗುಳು ಎಲೆಯ ಆಚೆ ಉದುರಿದವು.

"ತುಪ್ಪಾ ನೀ ಬಡಸವ್ವಾ. ಯಾರೂ ಸಾಯೂದಿಲ್ಲ."

ಇಂದೂ ಅತ್ತೆಯ ಕೈ ನೋಡಿದಳು, ತನ್ನದನ್ನೂ ನೋಡಿಕೊಂಡಳು. ಆಮೇಲೆ ಅಪ್ಪನ ಎಲೆಗೆ ತುಪ್ಪ ಬಡಿಸಿದಳು.

ರಾಯರು ಬೆಪ್ಪಾಗಿ, "ಅಕ್ಕಾ, ನಿನ್ನ ಮಡಿ ಎಲ್ಲಿ ಹೋತು?" ಎಂದರು.

"ಅದನ್ನ ನದಿ ಆಚೆ ಆಸ್ಪತ್ರಿಗೆ ಸೇರಿಸೇನಿ," ಎಂದರು ಗಂಗೂಬಾಯಿ. "ಹುಡುಗಿ ಇಲ್ಲೇ ಇರ್ತಾಳ."

ನಾನು ಆ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.