ಮಾಳಢೋಕ ಕೂಗದ ವರ್ಷ

ಬೋರಾಮಣಿಯ ಕುರುಬ ಧರೆಪ್ಪ ಪಂಚಾಂಗ ಕೇಳಿದವನಲ್ಲ. ಅವನಿಗೆ ಮಾಳವೇ ಪಂಚಾಂಗ. ಕಾರ್ತಿಕದಲ್ಲಿ ಹುಲ್ಲು ಕೆಂಪಗಾಗಿ ಅದರ ಮುಳ್ಳು ಉಣ್ಣೆಗೆ ಚುಚ್ಚತೊಡಗಿದರೆ ಕುರಿಯ ಉಣ್ಣೆ ಕತ್ತರಿಸುವ ಕಾಲ. ಪುಷ್ಯದಲ್ಲಿ ತೋಳ ಮರಿ ಹಾಕಿತೆಂದರೆ ನಾಯಿಗಳಿಗೆ ನಿದ್ದೆಯಿಲ್ಲ. ಚೈತ್ರದಲ್ಲಿ ಮಾಳ ಬೋಳಾಗಿ ಚಿಗರಿ ಜಿಂಕೆಗಳು ಹಳ್ಳದ ಮಡುವಿಗೆ ಇಳಿದರೆ ಅವನೂ ಹಿಂಡನ್ನು ಇಳಿಸುತ್ತಿದ್ದ. ಬೇಸಿಗೆಯ ನೆರಳು, ನೀರು, ಜಾಲಿಕಾಯಿ ಎಲ್ಲ ಅಲ್ಲೇ. ಒಣ ಹಳ್ಳದ ಉಸುಕಿನಲ್ಲಿ ಮರಿಗಳಿಗೆ ಮುಳ್ಳಿನ ಹಟ್ಟಿ.

ಅಲ್ಲಿಂದ ಏಳುವ ದಿನ ಹೇಳುತ್ತಿದ್ದುದು ಮಾಳಢೋಕ. ಕುರಿಯಷ್ಟು ಎತ್ತರದ ಹಕ್ಕಿ. ಮಳೆಗೆ ವಾರ ಮೊದಲು ಗಂಡುಹಕ್ಕಿ ದಿಬ್ಬದ ಮೇಲೆ ನಿಂತು, ಕೊರಳು ಉಬ್ಬಿಸಿ, 'ಹೂಂ' ಎಂದು ಕೂಗುತ್ತಿತ್ತು. ಕೂಗಿದ ದಿನವೇ ಧರೆಪ್ಪ ಹಟ್ಟಿ ಕಿತ್ತು ದಿಬ್ಬ ಹತ್ತುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಮರಿಯೂ ನೀರುಪಾಲಾಗಿರಲಿಲ್ಲ.

ಸಾವಿರದ ಒಂಬೈನೂರ ಐವತ್ನಾಲ್ಕರ ಭಾದ್ರಪದದಲ್ಲಿ, ಅವನ ಕಂಬಳಿ ಕೊಳ್ಳುವ ಪಟ್ಟಣದ ನವಿ ಪೇಠದ ವ್ಯಾಪಾರಿ ಶಂಕರೆಪ್ಪ ಬಂದೂಕಿನ ಇಬ್ಬರು ಬೀಗರನ್ನು ಕಟ್ಟಿಕೊಂಡು ಜೀಪಿನಲ್ಲಿ ಬಂದ.

"ಮುಂಜಾನಿಂದ ತಿರಗಾಕತ್ತೀವಿ, ಮಾಳಢೋಕ ಸಿಗವಲ್ದು. ನಿನ್ನ ಬಿಟ್ಟು ಮತ್ಯಾರಿಗೆ ಗೊತ್ತಿರತದೋ ಧರೆಪ್ಪಾ?"

"ಸಾವಕಾರ್ರ, ಕಣ್ಣು ಮುಚ್ಚಿ ತೋರಸ್ತೀನಿ, ಬರ್ರಿ."

ಮುಂದಿನ ಸೀಟಿನಲ್ಲಿ ಕೂಡಿಸಿದರು. ಅಷ್ಟಕ್ಕೇ ಉಬ್ಬಿಹೋದ ಈ ಮನುಷ್ಯ! ಬೆರಳು ಮಾಡಿ ತೋರಿಸಿದ. ಒಂದೇ ಗುಂಡಿಗೆ ಗಂಡುಹಕ್ಕಿ ಉರುಳಿತು.

ಹೆಂಡತಿ ಸೋಮವ್ವ ಹಿಟ್ಟು ನಾದುತ್ತಲೇ ಕೇಳಿದಳು: "ಮುಂದಿನ ವರ್ಷ ದಿಬ್ಬದ ಮ್ಯಾಲ ನಿಂತು ನೀವ ಕೂಗ್ತೀರೇನು?"

"ಒಂದು ಹೋದ್ರ ಇನ್ನೊಂದು ಬರತದ. ಸುಮ್ಮನ ರೊಟ್ಟಿ ಬಡಿ."

ಬರಲಿಲ್ಲ. ಮರುವರ್ಷ ವೈಶಾಖ ಮುಗಿದು ಜ್ಯೇಷ್ಠ ಹತ್ತಿದರೂ ದಿಬ್ಬ ಸುಮ್ಮನಿತ್ತು. ತಮ್ಮ ಬೀರಣ್ಣ ತನ್ನ ಹಿಂಡನ್ನು ಮೇಲೇರಿಸಿ ಅಣ್ಣನನ್ನು ಕರೆಯಲು ಬಂದ.

"ಅಣ್ಣಾ, ಇರುವಿ ತತ್ತಿ ಹೊತ್ಕೊಂಡು ಮ್ಯಾಲ ಹೊಂಟಾವ. ಏಳು."

"ಹಕ್ಕಿ ಇನ್ನೂ ಕೂಗಿಲ್ಲ."

"ಕೂಗೂ ಹಕ್ಕಿ ಸಾವಕಾರ್ರ ಹೊಟ್ಟ್ಯಾಗ ಹೋಗ್ಯಾದ!"

ಧರೆಪ್ಪ ಬಡಿಗೆ ಎತ್ತಿದ. ಈಗ ಎದ್ದರೆ ತಪ್ಪು ಒಪ್ಪಿಕೊಂಡ ಹಾಗೆ. ಅದೊಂದು ಅವನಿಂದ ಆಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ತಲೆಯ ಮೇಲೆ ಚಣಚಣ ಬಿಸಿಲು. ಮೋಡ ಕವಿದಿದ್ದುದು ದೂರ ಬಡಗಣ ದಿಕ್ಕಿಗೆ. ಅಲ್ಲಿ ಸುರಿದ ನೀರು ಕೆಂಪು ಗೋಡೆಯಂತೆ ಹಳ್ಳದ ತಿರುವಿನಲ್ಲಿ ಕಾಣಿಸಿಕೊಂಡಿತು. ದೊಡ್ಡ ಕುರಿಗಳು ದಂಡೆಯ ಜಾಲಿ ನೆರಳಲ್ಲಿ ಮಲಗಿದ್ದವು; ಅವು ಉಳಿಯಬೇಕಿತ್ತು. ಮರಿಗಳಿದ್ದುದು ಹಟ್ಟಿಯಲ್ಲಿ, ಮುಳ್ಳಿನ ಒಳಗೆ. ಧರೆಪ್ಪ ಬರಿಗೈಯಿಂದ ಮುಳ್ಳು ಕೀಳುತ್ತಿರುವಾಗಲೇ ಮರಿಗಳು ಅರಚಿದವು. ಆ ದನಿ ಕೇಳಿ ತಾಯಿಕುರಿಗಳು ಒಂದರ ಹಿಂದೆ ಒಂದು ನೀರಿಗೆ ಇಳಿದವು. ಸೋಮವ್ವ ಒಂದೊಂದರ ಉಣ್ಣೆ ಹಿಡಿದು ಜಗ್ಗಿದಳು. ಒಂದೂ ನಿಲ್ಲಲಿಲ್ಲ; ಹಿಂಡಿಗೆ ಹಿಂಡೇ ಕೊಚ್ಚಿಹೋಯಿತು. ಬೀರಣ್ಣ ಓಡಿ ಬಂದು ಅಣ್ಣನನ್ನು ಕೂದಲು ಹಿಡಿದು ದಂಡೆಗೆ ಎಳೆದ.

ಆ ವರ್ಷ ಮಾಳದಲ್ಲಿ ಹುಲ್ಲು ಸೊಂಟದುದ್ದ ಬಂತು. ಧರೆಪ್ಪ ಅದನ್ನು ಕೊಯ್ದು ಊರವರ ಎಮ್ಮೆಗಳಿಗೆ ಹೊತ್ತು ಹಾಕಿದ. ಸಾಯುವವರೆಗೂ ಅದೇ ಕೆಲಸ. ದೂರದಲ್ಲಿ ಹೋರಿ 'ಹೂಂ' ಎಂದು ಗುಟುರು ಹಾಕಿದರೂ ಕುಡುಗೋಲು ನಿಲ್ಲಿಸಿ ದಿಬ್ಬದ ಕಡೆ ನೋಡುತ್ತಿದ್ದ. ಪಕ್ಕದಲ್ಲೇ ಕೊಯ್ಯುತ್ತಿದ್ದ ಸೋಮವ್ವ ತಲೆ ಎತ್ತುತ್ತಿರಲಿಲ್ಲ.